ಎರಡು ಕೈಯ ಚೀಟಿ

ಇಂಗ್ಲಿಷ್ ನಿಘಂಟಿನ ಕಚೇರಿಯಲ್ಲಿ ನಮ್ಮ ಮೇಜಿಗೆ ವಾರಕ್ಕೆ ಅರವತ್ತು ಎಪ್ಪತ್ತು ಪತ್ರಗಳು ಬರುತ್ತವೆ. ಅರ್ಧದಷ್ಟು ಪ್ರಶ್ನೆಗಳೇ ಅಲ್ಲ, ಜಗಳ. 'ಪಾಶ್' ಎನ್ನುವ ಮಾತು ಹಡಗಿನ ಟಿಕೆಟ್ಟಿನ ಮೇಲಿನ ನಾಲ್ಕು ಅಕ್ಷರಗಳಿಂದ ಬಂದದ್ದು, ನಮ್ಮ ತಾತ ಅದೇ ಹಡಗಿನಲ್ಲಿ ಹೋಗಿದ್ದರು, ಅಲ್ಲವೆನ್ನಲು ನೀವು ಯಾರು? 'ಗಾಲ್ಫ್' ಎಂದರೆ ಹೆಂಗಸರಿಗೆ ಪ್ರವೇಶವಿಲ್ಲ ಎಂಬುದರ ಮೊದಲಕ್ಷರಗಳಂತೆ, ನಿಮ್ಮ ನಿಘಂಟು ಅದನ್ನು ಯಾಕೆ ಮುಚ್ಚಿಡುತ್ತಿದೆ? 'ನೈಸ್' ಎಂದರೆ ಒಂದು ಕಾಲಕ್ಕೆ ಪೆದ್ದ ಎಂದು ಅರ್ಥವಿತ್ತು ಎಂದು ಬರೆದಿದ್ದೀರಿ, ನಮ್ಮ ಪಾದ್ರಿಗಳು ನನ್ನನ್ನು ಪ್ರತಿ ಭಾನುವಾರ ಹಾಗೇ ಕರೆಯುತ್ತಾರೆ, ಈಗ ನಾನು ಏನೆಂದು ತಿಳಿಯಬೇಕು?

ಉತ್ತರ ಬರೆಯುವುದು ನನ್ನ ಕೆಲಸ. ಅಂಥ ಟಿಕೆಟ್ಟನ್ನು ಈವರೆಗೆ ಯಾರೂ ತೋರಿಸಿಲ್ಲ. ಗಾಲ್ಫ್ ಸ್ಕಾಟ್ಲೆಂಡಿನ ಹಳೆಯ ಮಾತು, ಕ್ಲಬ್ಬುಗಳ ನಿಯಮಗಳಿಗಿಂತ ಎಷ್ಟೋ ಹಳೆಯದು. ಪಾದ್ರಿಗಳು ಒಳ್ಳೆಯ ಅರ್ಥದಲ್ಲೇ ಹೇಳಿರುತ್ತಾರೆ. ಒಂದು ಪ್ರತಿ ಅವರಿಗೆ, ಕಾರ್ಬನ್ ಪ್ರತಿ ಕಡತಕ್ಕೆ; ತಪ್ಪು ಒಪ್ಪಿಕೊಳ್ಳುವ ಪತ್ರವಾದರೆ ಅದು ನಿಘಂಟಿನ ಸಮಿತಿಗೆ. ಕೆಳಗೆ ಸಹಿ, ಎ. ಪ್ಲಾಸ್ಕೆಟ್.

ಏಪ್ರಿಲ್‌ನ ಒಂದು ಸೋಮವಾರ ಹ್ಯಾಲಿಫ್ಯಾಕ್ಸ್ ಊರಿನಿಂದ ಒಂದು ಪತ್ರ ಬಂತು. ಬರೆದವರು ವಿಲ್ಫ್ರೆಡ್ ಸ್ಪರ್ಲಿಂಗ್, ನಿವೃತ್ತ ಬೇಕರಿಯವರು. ನಮ್ಮ ನಿಘಂಟಿನಲ್ಲಿ 'ಫ್ಲಾಮಿಟ್' ಎಂಬ ಪದವಿದೆ. ಅರ್ಥ, ಹಿಟ್ಟು ನಾದಿದ ಮರಿಗೆಗೆ ಅಂಟಿಕೊಂಡದ್ದನ್ನು ಕೆರೆದು ಸುಟ್ಟ ಸಣ್ಣ ರೊಟ್ಟಿ. ಯಾರ್ಕ್‌ಷೈರ್ ಕಡೆಯ ಮಾತು ಎಂದು ಸೂಚನೆ. ಮೊದಲ ಬಳಕೆ ೧೭೪೧, ಇ. ಟಾಲಿವರ್ ಬರೆದ ಗೃಹಿಣಿಯರ ಕೈಪಿಡಿ, ಪುಟ ನಲವತ್ತು.

'ನಲವತ್ತೆರಡು ವರ್ಷ ಯಾರ್ಕ್‌ಷೈರಿನಲ್ಲಿ ರೊಟ್ಟಿ ಸುಟ್ಟಿದ್ದೇನೆ,' ಎಂದು ಸ್ಪರ್ಲಿಂಗ್ ಬರೆದಿದ್ದರು. 'ಈ ಮಾತನ್ನು ನಾನಾಗಲಿ ನನ್ನಪ್ಪನಾಗಲಿ ಕೇಳಿಲ್ಲ. ಟಾಲಿವರ್ ಪುಸ್ತಕಕ್ಕಾಗಿ ಐದು ಗ್ರಂಥಾಲಯಗಳನ್ನು ಹುಡುಕಿದೆ. ಅಂಥ ಪುಸ್ತಕವಿಲ್ಲ. ನಿಮ್ಮಲ್ಲಿ ಯಾರೋ ಸುಳ್ಳುಗಾರರಿದ್ದಾರೆ. ಹೆಸರು ತಿಳಿಸಿ.'

ಎದುರಿನ ಮೇಜಿನ ನಾರಿಸ್ ಪತ್ರವನ್ನು ತಿರುಗಿಸಿ ಓದಿದ. ಅವನು ಹನ್ನೆರಡು ವರ್ಷದಿಂದ ಅಲ್ಲೇ ಇದ್ದಾನೆ.

"ಹೆಸರು ತಿಳಿಸಿ ಅಂತೆ. ಪೊಲೀಸಪ್ಪನ ಥರ. ನಿನ್ನ ಪಾಲಿಗೇ ಬರ್ತಾವಲ್ಲ ಇಂಥವು, ಅವೆರಿಲ್."

"ಚೀಟಿ ನೋಡಿ ಬರ್ತೀನಿ," ಎಂದೆ.

ನಮ್ಮ ನಿಘಂಟು ನಿಂತಿರುವುದು ಚೀಟಿಗಳ ಮೇಲೆ. ಅಂಗೈಯಗಲದ ಕಾಗದ. ಮೇಲೆ ಪದ, ನಡುವೆ ಪುಸ್ತಕದಿಂದ ಎತ್ತಿದ ವಾಕ್ಯ, ಇಸವಿ, ಪುಟ. ಕೆಳಗೆ ಎಡ ಮೂಲೆಯಲ್ಲಿ ಅದನ್ನು ಹುಡುಕಿದವರ ಹೆಸರಿನ ಮೊದಲಕ್ಷರಗಳು. ಬಲ ಮೂಲೆಯಲ್ಲಿ ಇನ್ನೊಬ್ಬರ ಅಕ್ಷರಗಳು. ಆ ಇನ್ನೊಬ್ಬರು ಗ್ರಂಥಾಲಯಕ್ಕೆ ಹೋಗಿ, ಅದೇ ಪುಸ್ತಕದ ಅದೇ ಪುಟವನ್ನು ಕಣ್ಣಾರೆ ನೋಡಿರಬೇಕು. ಎರಡು ಕೈ ಇಲ್ಲದ ಚೀಟಿ ಗೋಡೆಯುದ್ದಕ್ಕೂ ಇರುವ ಡ್ರಾಯರುಗಳೊಳಗೆ ಹೋಗುವುದಿಲ್ಲ. ಒಂದು ಕೈ ಸುಳ್ಳು ಎಂದು ಗೊತ್ತಾದರೆ, ಆ ಕೈಯಿಂದ ಬಂದ ಎಲ್ಲ ಚೀಟಿಗಳನ್ನೂ ತೆಗೆದುಹಾಕುತ್ತಾರೆ. ಅದನ್ನು ನಾವು ಕೈ ಎತ್ತುವುದು ಎನ್ನುತ್ತೇವೆ. ಐವತ್ತು ವರ್ಷದಲ್ಲಿ ಒಮ್ಮೆ ಮಾತ್ರ ಹಾಗಾಗಿದೆ. ಊರ ಹೊರಗೆ ಒಂಟಿಯಾಗಿದ್ದ ಒಬ್ಬ ಪಾದ್ರಿ ವಾಕ್ಯಗಳನ್ನು ತಾನೇ ಕಟ್ಟಿ ಕಳಿಸುತ್ತಿದ್ದನಂತೆ; ಎರಡನೆಯ ಕೈ ಬೇಕೆಂಬ ನಿಯಮ ಬಂದದ್ದು ಆಮೇಲೆ. ಅವನ ಚೀಟಿಗಳನ್ನು ಹೆಕ್ಕಿ ತೆಗೆಯಲು ಇಬ್ಬರಿಗೆ ಹನ್ನೊಂದು ತಿಂಗಳು ಹಿಡಿಯಿತು. ಪುಸ್ತಕದ ಮೊದಲ ಪುಟಗಳಲ್ಲಿ ದುಡಿದವರ ಪಟ್ಟಿ ಇರುತ್ತದೆ. ಅದರಿಂದ ಅವನ ಹೆಸರನ್ನೂ ತೆಗೆದರು.

ಫ್ಲಾಮಿಟ್ ಚೀಟಿ ಸಿಕ್ಕಿತು. ಎಡ ಮೂಲೆಯಲ್ಲಿ ಸಿ. ಪಿ. ಎಂದಿತ್ತು. ಕ್ಲೆಮೆಂಟ್ ಪ್ಲಾಸ್ಕೆಟ್, ನನ್ನ ಗಂಡ.

ಕ್ಲೆಮ್ ಸತ್ತು ಹದಿನೇಳು ತಿಂಗಳಾಗಿತ್ತು. ವೆಲ್ಷ್ ಸೇತುವೆಯ ಮೇಲೆ ಮಂಜುಗಡ್ಡೆ, ಸೈಕಲ್ಲು, ಒಂದು ಹಾಲಿನ ಲಾರಿ. ಬೂದಿಯನ್ನು ಅವನ ತಾಯಿ ತೆಗೆದುಕೊಂಡು ಹೋದರು. ಕಲ್ಲು ನಿಲ್ಲಿಸಲಿಲ್ಲ. ಸ್ಪರ್ಲಿಂಗ್ ಪತ್ರ ಬಂದ ವರ್ಷವೇ ಶರತ್ಕಾಲಕ್ಕೆ ಹೊಸ ಆವೃತ್ತಿ ಬರುವುದಿತ್ತು. ಅದರ ಪಟ್ಟಿಯಲ್ಲಿ ಅವನ ಹೆಸರಿರುತ್ತದೆ ಎಂದು ಅವನ ತಾಯಿಗೆ ಬರೆದಿದ್ದೆ. ನಾನು ಅವರಿಗೆ ಬರೆದದ್ದು ಅದೊಂದೇ ಕಾಗದ.

ಚೀಟಿಯ ನಡುವಿನ ವಾಕ್ಯವನ್ನು ಎರಡು ಸಲ ಓದಿದೆ. ಟಾಲಿವರ್. ನಾವು ಮದುವೆಯಾದ ಹೊಸತರಲ್ಲಿ ಇದೇ ಊರಿನ ರೈಲ್ವೆ ನಿಲ್ದಾಣದ ಹಿಂದೆ ಒಂದು ಕೋಣೆಯಲ್ಲಿದ್ದೆವು. ಮನೆಯ ಒಡತಿ ಎಡಿತ್ ಟಾಲಿವರ್. ಒಲೆಗೆ ಬೀಗ ಹಾಕುತ್ತಿದ್ದಳು. ನಲವತ್ತು ಆ ಮನೆಯ ನಂಬರು.

ಅಂದರೆ ಪುಸ್ತಕವಿಲ್ಲ. ಚೀಟಿಯನ್ನು ಡ್ರಾಯರಿಗೆ ಹಾಕದೆ ಕೋಟಿನ ಜೇಬಿಗೆ ಹಾಕಿಕೊಂಡೆ. ನಮ್ಮಲ್ಲಿ ಅದು ಕಳ್ಳತನ. ಮನೆಗೆ ಹೋಗಿ ಆಲೂಗಡ್ಡೆ ಬೇಯಿಸಿದೆ. ಎದುರಿನ ಖಾಲಿ ಕುರ್ಚಿಗೆ ಬಯ್ಯುವಷ್ಟು ಸಿಟ್ಟು ಬಂದಿತ್ತು. ಬಯ್ಯಲಿಲ್ಲ.

ನಾನು ಉತ್ತರ ಬರೆಯಲಿಲ್ಲ. ಗುರುವಾರ ಸ್ಪರ್ಲಿಂಗ್ ತಾವೇ ಬಂದರು.

ದಪ್ಪ ಕೈಗಳ, ಗಿಡ್ಡ ಮನುಷ್ಯ. ಬೆಳಗಿನ ರೈಲು ಹಿಡಿದು ಬಂದಿದ್ದರು. ಕೆಳಗಿನ ಕೌಂಟರಿನ ಮುಂದಿನ ಬೆಂಚಿನಲ್ಲಿ ಕೂತು, ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡಿದ್ದರು.

"ಪತ್ರ ತಲುಪ್ತಾ?" ಎಂದರು.

"ತಲುಪಿದೆ. ನೋಡ್ತಾ ಇದೀವಿ."

"ಏನ್ ನೋಡೋದದೆ? ಪುಸ್ತಕ ಇದ್ರೆ ತಂದು ತೋರ್ಸಿ. ಇಲ್ದಿದ್ರೆ ಇಲ್ಲ ಅನ್ನಿ. ಅದಕ್ಕೆ ನಾಕು ದಿನ ಬೇಕಾ?"

"ಚಹಾ ತಗೊಳ್ತೀರಾ?"

"ನಿಮ್ಮ ಚಹಾ ಯಾವನಿಗೆ ಬೇಕು. ನೋಡಮ್ಮ, ನಾನು ಹದಿನಾಲ್ಕನೇ ವಯಸ್ಸಿಗೆ ಸ್ಕೂಲು ಬಿಟ್ಟೋನು. ನಿಮ್ಮ ಪುಸ್ತಕ ನಮ್ಮನೆ ಬೈಬಲ್ ಪಕ್ಕ ಇಟ್ಕಂಡಿದೀನಿ. ರಾತ್ರಿ ರೊಟ್ಟಿ ಸುಟ್ಟು ಹಗಲೊತ್ತು ಒಂದೊಂದೇ ಪುಟ ಓದಿದೀನಿ. ಈಗ ನನ್ನ ಕಸುಬಿನ ಬಗ್ಗೆನೇ ಸುಳ್ಳು ಬರ್ದವ್ರೆ. ನಂಗೆ ಗೊತ್ತಿರೋ ವಿಷಯದಾಗೇ ಸುಳ್ಳು ಇದ್ರೆ, ಗೊತ್ತಿಲ್ದೇ ಇರೋ ವಿಷಯದಾಗೆ ಎಷ್ಟಿರಬೇಡ?"

ನಾನು ಕೌಂಟರಿನ ಮೇಲಿದ್ದ ಕಾಗದಗಳನ್ನು ಜೋಡಿಸಿದೆ.

"ಯಾರು ಆ ಮನುಷ್ಯ? ಇಲ್ಲೇ ಕೆಲಸ ಮಾಡ್ತಾನಾ?"

"ಈಗಿಲ್ಲ."

"ಓಡಿಸಿದ್ರಾ?"

"ತೀರಿಕೊಂಡಿದಾರೆ."

ಸ್ಪರ್ಲಿಂಗ್ ಟೋಪಿಯನ್ನು ತಿರುಗಿಸಿ ಒಳಗೆ ನೋಡಿದರು. "ಸತ್ತೋರ್ ಮೇಲೆ ಹಾಕಿಬಿಟ್ರೆ ಸುಲಭ ಅಲ್ವಾ. ಎದ್ದು ಬಂದು ಅಲ್ಲ ಅನ್ನಲ್ಲ."

ಮೆಟ್ಟಿಲ ಮೇಲೆ ಮಿಸ್ ಗಾರ್ಸೈಡ್ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಉನಾ ಗಾರ್ಸೈಡ್ ನಮ್ಮ ಪ್ರಧಾನ ಸಂಪಾದಕಿ. ಮೂವತ್ತೊಂದು ವರ್ಷದ ನೌಕರಿ, ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ನನಗೆ ಕೆಲಸ ಕಲಿಸಿದವರು ಅವರೇ. ಅವರು ಕೆಳಗಿಳಿದು ಬಂದು ಸ್ಪರ್ಲಿಂಗ್ ಕೈ ಕುಲುಕಿದರು.

"ಮಿಸ್ಟರ್ ಸ್ಪರ್ಲಿಂಗ್, ನೀವು ಹೇಳ್ತಿರೋದು ಸರಿ. ಆ ಪದ ಹೊಸ ಆವೃತ್ತಿಯಲ್ಲಿ ಇರಲ್ಲ. ಯಾರು ಮಾಡಿದ್ದು ಅಂತ ಶುಕ್ರವಾರ ಸಂಜೆಯೊಳಗೆ ನಿಮಗೆ ಬರವಣಿಗೆಯಲ್ಲಿ ಬರುತ್ತೆ."

"ನಾಳೆನಾ?"

"ನಾಳೆನೇ."

ಅವರು ಹೋದ ಮೇಲೆ ಮಿಸ್ ಗಾರ್ಸೈಡ್ ನನ್ನತ್ತ ತಿರುಗಿದರು.

"ನಿಮ್ಮ ಗಂಡನ ಕೈ ಎತ್ತಬೇಕಾಗುತ್ತೆ, ಮಿಸೆಸ್ ಪ್ಲಾಸ್ಕೆಟ್."

"ಎಲ್ಲಾನಾ?"

"ನಿಯಮ ನಿಮಗೆ ಗೊತ್ತು. ನಾಲ್ಕು ಸಾವಿರ ಚಿಲ್ಲರೆ. ನಾರಿಸ್ ಮತ್ತೆ ಇನ್ನೊಬ್ಬರು ಮಾಡ್ತಾರೆ. ನಿಮ್ಮ ಕೈಲಿ ಮಾಡಿಸೋಷ್ಟು ಕಟುಕಿ ಅಲ್ಲ ನಾನು. ಪಟ್ಟಿಯಿಂದ ಹೆಸರು ತೆಗೀಬೇಕು ಅಂತ ಮುದ್ರಣದೋರಿಗೆ ಇವತ್ತೇ ಹೇಳಿಬಿಡ್ತೀನಿ. ಉತ್ತರ ನೀವು ಟೈಪ್ ಮಾಡಿ. 'ಒಬ್ಬ ಹಿಂದಿನ ನೌಕರರ ಅಪ್ರಾಮಾಣಿಕತೆ' ಅಂದ್ರೆ ಸಾಕು."

"ಅವರು ಹೆಸರು ಕೇಳಿದಾರೆ."

"ಹಾಗಾದ್ರೆ ಹೆಸರು ಹಾಕಿ."

ಮೇಲೆ ಹೋದಾಗ ನಾರಿಸ್‌ಗೆ ಆಗಲೇ ವಿಷಯ ತಿಳಿದಿತ್ತು. ಈ ಕಟ್ಟಡದಲ್ಲಿ ಮೆಟ್ಟಿಲುಗಳಿಗೂ ಕಿವಿಗಳಿವೆ.

"ಕ್ಲೆಮ್ ಅಂದ್ರೆ ಕ್ಲೆಮ್," ಎಂದ. "ನಾವೆಲ್ಲ ಒಂದೊಂದು ಇಸವಿಗೋಸ್ಕರ ಧೂಳು ತಿಂದು ಸಾಯ್ತಿದ್ರೆ, ಅವನು ಮನೇಲಿ ಕೂತು ಪುಸ್ತಕಗಳನ್ನೇ ಹುಟ್ಟಿಸ್ತಿದ್ನಾ? ಅದಕ್ಕೇ ಅಷ್ಟು ಬೇಗ ಬರೀತಿದ್ದ. ನಂಗೆ ಆಗಲೇ ಅನುಮಾನ ಇತ್ತು."

"ಆಗಲೇ ಹೇಳಬೇಕಿತ್ತು."

"ನೀನು ಎದುರಿಗೇ ಕೂತಿರ್ತಿದ್ದೆ."

"ಈಗಲೂ ಕೂತಿದೀನಿ."

ಅವನು ತನ್ನ ಕಾಗದಗಳಿಗೆ ತಲೆ ತಗ್ಗಿಸಿದ.

ಟೈಪ್‌ರೈಟರಿಗೆ ಕಾಗದ ಹಾಕಿದೆ. ಕಾರ್ಬನ್ ಹಾಕಿದೆ. 'ಮಾನ್ಯರೇ' ಎಂದು ಹೊಡೆದೆ. ಹೆಸರಿಗೆ ಮೊದಲು ಚೀಟಿಯ ದಿನಾಂಕ ಬೇಕಿತ್ತು. ಜೇಬಿನಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟೆ.

ಸೋಮವಾರ ನಾನು ಎಡ ಮೂಲೆಯನ್ನು ಮಾತ್ರ ನೋಡಿದ್ದೆ. ಬಲ ಮೂಲೆಯನ್ನು ನಮ್ಮಲ್ಲಿ ಯಾರೂ ನೋಡುವುದಿಲ್ಲ. ಅದು ಇದ್ದೇ ಇರುತ್ತದೆ. ಬಾಗಿಲಿಗೆ ತಿರುಗಣಿ ಇದೆಯೇ ಎಂದು ಯಾರೂ ನೋಡುವುದಿಲ್ಲವಲ್ಲ, ಹಾಗೆ.

ಹಸಿರು ಶಾಯಿಯಲ್ಲಿ ಯು. ಜಿ. ಎಂದಿತ್ತು. ಹಸಿರು ಶಾಯಿ ಬಳಸುವವರು ಇಡೀ ಕಟ್ಟಡದಲ್ಲಿ ಒಬ್ಬರೇ.

ಟೈಪ್‌ರೈಟರಿನಿಂದ ಕಾಗದ ಎಳೆದು ತೆಗೆದೆ. ಆಮೇಲೆ ಚೀಟಿ ಹಿಡಿದುಕೊಂಡು ಹೋಗಿ ಮಿಸ್ ಗಾರ್ಸೈಡ್ ಅವರ ಬಾಗಿಲು ತಟ್ಟಿದೆ.

"ಟೈಪ್ ಆಯ್ತಾ?"

"ಒಂದು ವಿಷಯ ಕೇಳಬೇಕಿತ್ತು. ಟಾಲಿವರ್ ಪುಸ್ತಕ ನೀವು ಎಲ್ಲಿ ನೋಡಿದ್ರಿ?"

ಅವರು ತಲೆ ಎತ್ತಲಿಲ್ಲ. "ಯಾವ ಪುಸ್ತಕ?"

"೧೭೪೧. ಪುಟ ನಲವತ್ತು. ನೋಡಿದೀನಿ ಅಂತ ನಿಮ್ಮ ಅಕ್ಷರ ಇದೆ." ಚೀಟಿಯನ್ನು ಅವರ ಮುಂದಿಟ್ಟೆ. ಕೈ ಅದರ ಮೇಲೇ ಇಟ್ಟುಕೊಂಡೆ.

ಅವರು ಕನ್ನಡಕ ಹಾಕಿಕೊಂಡರು. "ಇದು ಡ್ರಾಯರಿನಲ್ಲಿ ಇರಬೇಕಿತ್ತು."

"ಹೌದು. ನಾನು ಕದ್ದೆ."

"ಪ್ಲಾಸ್ಕೆಟ್ ತಂದು ಕೊಟ್ಟಿರ್ತಾನೆ. ನಂಬಿ ಹಾಕಿರ್ತೀನಿ."

"ನಂಬಿ ಹಾಕೋ ಹಾಗಿಲ್ಲ ಅಂತ ಮೊದಲನೇ ದಿನ ನೀವೇ ಹೇಳಿಕೊಟ್ರಿ. ಸ್ವಂತ ತಾಯಿ ತಂದುಕೊಟ್ರೂ ಹೋಗಿ ನೋಡು ಅಂದಿದ್ರಿ."

"ಮೂವತ್ತೊಂದು ವರ್ಷದಲ್ಲಿ ಒಂದು ಸಲ."

"ಪಾದ್ರಿಗೂ ಒಂದು ಸಲದಿಂದಲೇ ಶುರುವಾಗಿದ್ದು."

"ದನಿ ತಗ್ಗಿಸಿ."

"ನಾನು ದನಿ ಎತ್ತಿಲ್ಲ. ಈ ಚೀಟಿ ಮೇಲೆ ಎರಡು ಕೈ ಇದೆ. ಎರಡೂ ಸುಳ್ಳು. ಎತ್ತೋದಾದ್ರೆ ಎರಡನ್ನೂ ಎತ್ತಿ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನನ್ನ ಕೈ ಎಷ್ಟು ಚೀಟಿಗಳ ಮೇಲಿದೆ ಗೊತ್ತಾ?"

"ಗೊತ್ತು. ಅರ್ಧ ಗೋಡೆ."

"ಅದನ್ನ ಎತ್ತಿದ್ರೆ ಪುಸ್ತಕವೇ ಇರಲ್ಲ."

"ಇರಲ್ಲ."

"ನಿಮಗೆ ಅದು ಸರಿ ಅನ್ಸುತ್ತಾ? ಒಬ್ಬನ ಹೆಸರಿಗೋಸ್ಕರ?"

"ನನಗೆ ಏನು ಅನ್ಸುತ್ತೆ ಅಂತ ನಿಯಮದಲ್ಲಿ ಕೇಳಿಲ್ಲ. ನಾಳೆಯ ಪತ್ರದ ಕಾರ್ಬನ್ ಪ್ರತಿ ಸಮಿತಿಗೆ ಹೋಗುತ್ತೆ. ಅದರಲ್ಲಿ ಎರಡೂ ಹೆಸರು ಹಾಕ್ತೀನಿ, ಇಲ್ಲಾಂದ್ರೆ ಪತ್ರ ಬರೆಯಲ್ಲ. ಸ್ಪರ್ಲಿಂಗ್ ಮತ್ತೆ ರೈಲು ಹತ್ತಿ ಬರ್ತಾರೆ. ಆಗ ಬಲ ಮೂಲೆ ಅವರಿಗೂ ತೋರಿಸ್ತೀನಿ."

ಕಿಟಕಿಯ ಹೊರಗೆ ಯಾರೋ ಏಣಿ ಇಟ್ಟು ಗಾಜು ಒರೆಸುತ್ತಿದ್ದರು. ಅವರು ಮುಂದಿನ ಕಿಟಕಿಗೆ ಹೋಗುವವರೆಗೆ ಮಿಸ್ ಗಾರ್ಸೈಡ್ ಕಾದರು.

"ಬಾಗಿಲು ಹಾಕು," ಎಂದರು. ಅಲ್ಲಿಂದ ಮುಂದೆ ನನ್ನನ್ನು ನೀನು ಎಂದೇ ಮಾತಾಡಿಸಿದರು, ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾತಾಡಿಸಿದ ಹಾಗೆ.

"ಅದು ಬೋನಿನ ಪದ."

ಬೋನಿನ ಪದಗಳ ಬಗ್ಗೆ ನಾವೆಲ್ಲ ಕೇಳಿದ್ದೆವು. ಬೇರೆ ನಿಘಂಟಿನವರು ನಮ್ಮದನ್ನು ನೋಡಿ ಬರೆಯುತ್ತಿದ್ದಾರೆಂಬ ಅನುಮಾನ ಬಂದರೆ, ಎಲ್ಲೂ ಇಲ್ಲದ ಒಂದು ಪದವನ್ನು ಹುಟ್ಟಿಸಿ ಪುಸ್ತಕದಲ್ಲಿ ಸೇರಿಸುವುದು. ಅದು ಅವರ ಪುಟದಲ್ಲಿ ಕಾಣಿಸಿದರೆ ಕಳ್ಳ ಸಿಕ್ಕ. ಹಳೆಯ ಕಾಲದವರು ಮಾಡುತ್ತಿದ್ದರಂತೆ. ನಮ್ಮ ಮುನ್ನುಡಿಯ ಮೊದಲ ಸಾಲೇ 'ಈ ಪುಸ್ತಕದಲ್ಲಿ ನಾವು ಹುಟ್ಟಿಸಿದ ಒಂದು ಪದವೂ ಇಲ್ಲ' ಎಂದಿದೆ. ಆ ಮುನ್ನುಡಿಯನ್ನು ಬರೆದವರು ಮಿಸ್ ಗಾರ್ಸೈಡ್.

"ಎಪ್ಪತ್ತೊಂದರಲ್ಲಿ," ಎಂದರು. "ಆ ಇನ್ನೊಂದು ನಿಘಂಟಿನವರು ನಮ್ಮ ಪುಟಪುಟಾನೇ ಎತ್ತಿಕೊಳ್ತಿದ್ರು. ಸಮಿತಿಗೆ ಹೇಳಿದ್ರೆ ಸಾಕ್ಷಿ ಕೊಡಿ ಅಂದ್ರು. ಸಾಕ್ಷಿ ಹೆಂಗೆ ಕೊಡೋದು? ಪ್ಲಾಸ್ಕೆಟ್‌ನ ಕರೆದು ಒಂದು ಪದ ಮಾಡಿಕೊಡು ಅಂದೆ. ಅವನು ಬರೆದ, ನಾನು ಸಹಿ ಹಾಕಿದೆ. ಇಬ್ಬರಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ."

"ಸಿಕ್ಕರಾ ಅವರು?"

"ಇಲ್ಲ. ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ತಗೊಂಡ್ರು."

ಬೇರೆ ದಿನವಾಗಿದ್ದರೆ ನಗುತ್ತಿದ್ದೆನೇನೋ.

"ಹಾಗಾದ್ರೆ ಅವನು ಸುಳ್ಳು ಮಾಡಿಲ್ಲ. ನೀವು ಹೇಳಿದ ಕೆಲಸ ಮಾಡಿದಾನೆ," ಎಂದೆ.

"ಹೌದು."

"ಗೊತ್ತಿದ್ದೂ ಅವನ ಕೈ ಎತ್ತಿ ಅಂದ್ರಿ."

"ಅಂದೆ." ಅವರು ಮುಖ ತಿರುಗಿಸಲಿಲ್ಲ. "ಸತ್ತೋನಿಗೆ ಹೆಸರು ಯಾಕೆ ಬೇಕು ಅವೆರಿಲ್? ನಂಗೆ ಇನ್ನು ಹದಿನಾಲ್ಕು ತಿಂಗಳಿದೆ. ಮದುವೆ ಇಲ್ಲ, ಮಕ್ಕಳಿಲ್ಲ, ಇದೊಂದು ಪುಸ್ತಕ. ಅದರಿಂದ ನನ್ನನ್ನ ಕಳ್ಳಿ ಅಂತ ಆಚೆ ಹಾಕಿಸಿಕೊಳ್ಳಲಾ?"

"ಅವನಿಗೆ ಬೇಡ. ನನಗೆ ಬೇಕು."

"ನಿಂಗೆ ವಯಸ್ಸಿದೆ."

"ನನ್ನ ವಯಸ್ಸಿನ ಸುದ್ದಿ ಬೇಡ."

ಅವರು ನನ್ನ ಕೈಯ ಕೆಳಗಿನ ಚೀಟಿಯನ್ನು ನೋಡುತ್ತಿದ್ದರು. ಎಳೆದುಕೊಳ್ಳಲು ಬಂದಿದ್ದರೆ ನಾನು ಅವರ ಬೆರಳು ತಿರುಚುತ್ತಿದ್ದೆ. ಅದು ಅವರಿಗೂ ತಿಳಿದಿರಬೇಕು.

"ನೀನು ಟೈಪ್‌ರೈಟರ್ ಇಲ್ಲಿಗೆ ತಗೊಂಡು ಬಾ," ಎಂದರು ಕೊನೆಗೆ.

ತಂದೆ. ಅವರು ಒಂದೊಂದೇ ವಾಕ್ಯ ಹೇಳಿದರು, ನಾನು ಹೊಡೆದೆ. ಈ ಪದ ಎಲ್ಲಿಯೂ ಬಳಕೆಯಲ್ಲಿಲ್ಲ. ಇದನ್ನು ಈ ಕಚೇರಿಯಲ್ಲಿ ೧೯೭೧ರಲ್ಲಿ, ನಕಲು ಮಾಡುವವರನ್ನು ಹಿಡಿಯಲು ಹುಟ್ಟಿಸಲಾಯಿತು. ಹುಟ್ಟಿಸುವಂತೆ ಹೇಳಿದವಳು ನಾನು. ಇಲ್ಲದ ಪುಸ್ತಕವನ್ನು ನೋಡಿದ್ದೇನೆಂದು ಸಹಿ ಹಾಕಿದವಳೂ ನಾನು. ಬರೆದ ನೌಕರರು ಮೇಲಧಿಕಾರಿಯ ಮಾತಿನಂತೆ ನಡೆದುಕೊಂಡರು, ಅವರ ಬೇರೆ ಚೀಟಿಗಳ ಬಗ್ಗೆ ಯಾವ ಸಂಶಯವೂ ಇಲ್ಲ.

"ಅವನ ಹೆಸರು ಹಾಕಲಾ?"

"ಬೇಡ ಅಂದ್ರೆ ಬಿಡ್ತೀಯಾ?"

ಹಾಕಿದೆ.

ಕಾಗದ ತೆಗೆಯುವಾಗ ಕೇಳಿದೆ. "ಮಾಡಿಕೊಡು ಅಂದಾಗ ಏನಂದ?"

ಬೇಡವೆಂದಿದ್ದ ಎಂದು ಹೇಳುತ್ತಾರೇನೋ ಎಂದು ಕಾದೆ. ಅಷ್ಟನ್ನು ಹೇಳಿದ್ದರೆ ಅವರನ್ನು ನಂಬುತ್ತಿದ್ದೆ.

"ನಕ್ಕ," ಎಂದರು ಮಿಸ್ ಗಾರ್ಸೈಡ್. "ಮಧ್ಯಾಹ್ನದ ಊಟಕ್ಕೆ ಮುಂಚೆ ತಂದುಕೊಟ್ಟ. ಆ ಟಾಲಿವರ್ ಹೆಸರು ಹೇಳಿ ಹೇಳಿ ನಗ್ತಿದ್ದ, ಯಾಕೆ ಅಂತ ನಂಗೆ ಹೇಳಲಿಲ್ಲ. ನಿಂಗೆ ಹೇಳಬೇಡ ಅಂದೆ. ಹೇಳಲ್ಲ ಅಂದ. ಅವತ್ತು ಅಷ್ಟು ಸಲೀಸಾಗಿ ಒಪ್ಪಿಕೊಂಡಿದ್ದು ನೋಡಿ ನಂಗೇ ಆಶ್ಚರ್ಯ ಆಗಿತ್ತು."

ಕೊನೆಯ ಮಾತನ್ನು ಅವರು ಬೇಕೆಂದೇ ಸೇರಿಸಿದರು. ತಲುಪಬೇಕಾದಲ್ಲಿಗೆ ತಲುಪಿತು. ಅದಾದ ಮೇಲೆ ಆರು ವರ್ಷಕ್ಕೂ ಹೆಚ್ಚು ಕಾಲ ಒಂದೇ ಮೇಜಿನಲ್ಲಿ ಊಟ ಮಾಡಿದ್ದೆವು, ಒಂದೇ ಕಟ್ಟಡದಲ್ಲಿ ದುಡಿದಿದ್ದೆವು. ಟಾಲಿವರಳ ಒಲೆಯ ಬೀಗದ ಕತೆಯನ್ನು ಇಬ್ಬರೂ ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದೆವು. ಅವನ ನಗುವಿನಲ್ಲಿ ಇನ್ನೊಂದು ನಗುವೂ ಇತ್ತು ಎಂದು ನನಗೆ ತಿಳಿದಿರಲಿಲ್ಲ.

ಅವರು ಪತ್ರವನ್ನು ಎರಡು ಸಲ ಓದಿ ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ಈ ಸಲ ಪೂರ್ತಿ ಹೆಸರು. ಕೆಳಗೆ, ಟೈಪ್ ಮಾಡಿದವರ ಜಾಗದಲ್ಲಿ, ಎಂದಿನಂತೆ ಎ. ಪ್ಲಾಸ್ಕೆಟ್.

"ಸೋಮವಾರದಿಂದ ನೀವು ನೆಲಮಾಳಿಗೆಗೆ. ಕರಡು ತಿದ್ದೋ ಕೋಣೆ," ಎಂದರು. ನಾನು ಮತ್ತೆ 'ನೀವು' ಆಗಿದ್ದೆ.

"ಆಗಲಿ."

"ನನ್ನ ಹತ್ರ ಏನಾದ್ರೂ ಹೇಳೋದಿದ್ರೆ ಬರೆದು ಕಳಿಸಿ. ಮುಖ ತೋರಿಸಬೇಡಿ."

"ಹೇಳೋದೇನಿಲ್ಲ," ಎಂದು ಟೈಪ್‌ರೈಟರ್ ಎತ್ತಿಕೊಂಡು ಹೊರಗೆ ಬಂದೆ.

ಸಮಿತಿ ಮೇ ತಿಂಗಳಲ್ಲಿ ಸೇರಿತು. ಮಿಸ್ ಗಾರ್ಸೈಡ್ ಅವರನ್ನು ಹೊರಗೆ ಹಾಕಲಿಲ್ಲ. ಅರ್ಧ ಗೋಡೆಯನ್ನು ಕಳೆದುಕೊಳ್ಳಲು ಯಾರಿಗೂ ಧೈರ್ಯವಿರಲಿಲ್ಲ. ಮುನ್ನುಡಿಯ ಮೊದಲ ಸಾಲನ್ನು ತೆಗೆದರು. ಯಾರ ಕೈಯನ್ನೂ ಎತ್ತಲಿಲ್ಲ. ನಾರಿಸ್ ಮೆಟ್ಟಿಲ ಮೇಲೆ ಎದುರಾದಾಗ, ಕ್ಲೆಮ್ ಬಗ್ಗೆ ತನಗೆ ಯಾವತ್ತೂ ಅನುಮಾನವಿರಲಿಲ್ಲ ಎಂದ. ನಾನು ಗೋಡೆಯ ಕಡೆ ಸರಿದು ಅವನಿಗೆ ದಾರಿ ಬಿಟ್ಟೆ.

ಸ್ಪರ್ಲಿಂಗ್ ಒಂದು ಕಾರ್ಡ್ ಬರೆದರು. 'ಸತ್ಯ ಹೇಳಲು ಐದು ದಿನ ತೆಗೆದುಕೊಂಡಿರಿ. ಸತ್ತವರು ನಿಮ್ಮ ಗಂಡನೆಂದು ಅವತ್ತೇ ಹೇಳಬಹುದಿತ್ತು. ಆದರೂ ನಾನು ಬಿಡುತ್ತಿರಲಿಲ್ಲ. ಮರಿಗೆಯಲ್ಲಿ ಉಳಿದ ಹಿಟ್ಟನ್ನು ನಮ್ಮಲ್ಲಿ ಯಾರೂ ಸುಡುವುದಿಲ್ಲ, ನಾಳೆಯ ಹಿಟ್ಟಿಗೆ ಸೇರಿಸುತ್ತೇವೆ. ಅವರು ಯಾರನ್ನಾದರೂ ಕೇಳಬೇಕಿತ್ತು.'

ನೆಲಮಾಳಿಗೆಯಲ್ಲಿ ಇಬ್ಬಿಬ್ಬರು ಜೊತೆ ಕೂರುತ್ತೇವೆ. ಒಬ್ಬರು ಹಸ್ತಪ್ರತಿಯನ್ನು ಅಕ್ಷರ ಅಕ್ಷರವಾಗಿ, ಚುಕ್ಕೆ ಗೆರೆಗಳ ಸಮೇತ ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಅಚ್ಚಿನ ಕರಡಿನ ಮೇಲೆ ಬೆರಳಿಟ್ಟು ನೋಡುತ್ತಾರೆ. ನನ್ನ ಜೊತೆಗಾರ್ತಿ ಮಿಸೆಸ್ ಹಬಲ್, ಕಿವಿ ಸ್ವಲ್ಪ ಮಂದ. ಮೇಲಿನ ಮಹಡಿಯ ಸುದ್ದಿ ಯಾವುದೂ ಅವರಿಗೆ ಗೊತ್ತಿಲ್ಲ. ಜುಲೈ ತಿಂಗಳಲ್ಲಿ ದುಡಿದವರ ಪಟ್ಟಿ ಬಂತು. ಅವರು ಓದಿದರು, ನಾನು ಬೆರಳಿಟ್ಟೆ. ಒಂದೊಂದು ಹೆಸರು, ಒಂದೊಂದು ಅಲ್ಪವಿರಾಮ. ಯು. ಗಾರ್ಸೈಡ್. ಆಮೇಲೆ ಮೂವತ್ತು ಹೆಸರು. ಆಮೇಲೆ ಅವನದು. ಮೊದಲಕ್ಷರ, ಚುಕ್ಕೆ, ಎಂಟು ಇಂಗ್ಲಿಷ್ ಅಕ್ಷರ.

"ಏನಮ್ಮಾ, ನಿಂತುಬಿಟ್ಟೆ. ತಪ್ಪಿದೆಯಾ ಅಲ್ಲಿ?" ಎಂದರು ಮಿಸೆಸ್ ಹಬಲ್.

"ಇಲ್ಲ," ಎಂದೆ. "ಸರಿಯಾಗಿದೆ. ಮುಂದೆ ಓದಿ."